ಚಹಾ ವ್ಯಾಪಾರಿಯ ಮನೆ ಉಳೀತು, ಎಲೆ ಆರಿಸಿದವರು ಎಲ್ಲಿ ಹೋದರು?

ತೈವಾನಿನ ರಾಜಧಾನಿ ತೈಪೆಯಲ್ಲಿ, ಮಿನ್‌ಶೆಂಗ್ ಪಶ್ಚಿಮ ರಸ್ತೆಯ ಮೇಲೆ ಮೂರು ಮಹಡಿಯ ಒಂದು ಹಳೇ ಕಟ್ಟಡ ಇದೆ. ಹೆಸರು ಸಿನ್ ಹಾಂಗ್ ಚೂನ್. 1934ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ವಾಂಗ್ ಲಿಯಾನ್-ಹೆ ಅನ್ನೋ ಚಹಾ ವ್ಯಾಪಾರಿ. ಅಂಗಡಿ, ಕಾರ್ಖಾನೆ, ಗೋದಾಮು, ಮನೆ ಎಲ್ಲವೂ ಒಂದೇ ಸೂರಿನ ಕೆಳಗೆ. ಎಪ್ಪತ್ತು ವರ್ಷ ಚಹಾದ ಘಮ ಹೊತ್ತು ನಿಂತಿದ್ದ ಈ ಕಟ್ಟಡ 2004ರಲ್ಲಿ ವ್ಯಾಪಾರ ನಿಲ್ಲಿಸಿತು, 2009ರಲ್ಲಿ ನಗರದ ಪಾರಂಪರಿಕ ಸ್ಮಾರಕ ಅಂತ ಘೋಷಣೆಯಾಯಿತು, ದುರಸ್ತಿಯಾಗಿ 2016ರಲ್ಲಿ ಸಾಂಸ್ಕೃತಿಕ ತಾಣವಾಗಿ ಜನರಿಗೆ ತೆರೆಯಿತು.

ಒಳ್ಳೆ ಸುದ್ದಿ ಅಲ್ವಾ? ಹೌದು, ಒಳ್ಳೆ ಸುದ್ದೀನೇ. ಹಳೇ ಕಟ್ಟಡ ಅಂದ್ರೆ ಜೆಸಿಬಿಗೆ ಕಾಯ್ತಿರೋ ಸೈಟು ಅಂತಲೇ ನೋಡಿ ಅಭ್ಯಾಸ ಆಗಿರೋ ನಮಗೆ ಇದು ಹೊಟ್ಟೆಕಿಚ್ಚು ಹುಟ್ಟಿಸೋ ಸುದ್ದಿ ಕೂಡ. ಆದರೆ ಹೀಗೆ ಉಳಿದುಕೊಂಡ ಕಟ್ಟಡಗಳ ಬಗ್ಗೆ ಎರಡು ಪ್ರಶ್ನೆ ಕೇಳದೆ ಮುಂದೆ ಹೋಗಬಾರದು ಅನ್ನೋದು ನನ್ನ ವಾದ. ಉಳಿಸೋಕೆ ದುಡ್ಡು ಕೊಟ್ಟವರು ಯಾರು? ಉಳಿದ ಕಟ್ಟಡ ಯಾರ ಕತೆ ಹೇಳುತ್ತೆ? ತೈಪೆಯಲ್ಲಿ ಈ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತೆ. ಎರಡೂ ಉತ್ತರದಲ್ಲಿ ರಾಜಕೀಯ ಇದೆ.

ಒಂದು ಪೇಟೆ ಹುಟ್ಟಿದ ಬಗೆ

ಈ ಕಟ್ಟಡ ಇರೋ ಪೇಟೆಯ ಹೆಸರು ದಾದಾವ್‌ಚೆಂಗ್. ಭತ್ತ ಒಣಗಿಸೋ ದೊಡ್ಡ ಕಣ ಅನ್ನೋದು ಆ ಹೆಸರಿನ ಮೂಲ ಅರ್ಥ. 1853ರಲ್ಲಿ ಹತ್ತಿರದ ಬಾಂಕಾ ಬಂದರಿನಲ್ಲಿ ಚೀನಾದ ಫೂಜಿಯಾನ್ ಪ್ರಾಂತ್ಯದ ಬೇರೆ ಬೇರೆ ಊರುಗಳಿಂದ ವಲಸೆ ಬಂದ ಗುಂಪುಗಳ ನಡುವೆ ದೊಡ್ಡ ಹೊಡೆದಾಟ ಆಯ್ತು. ಸೋತವರು ತಮ್ಮ ದೇವರ ಮೂರ್ತಿಯನ್ನು ಹೊತ್ತುಕೊಂಡು ಓಡಿ ಬಂದು ನದಿ ದಂಡೆಯ ಈ ಕಣದಲ್ಲಿ ಅಂಗಡಿ ಹಾಕಿದರು. ಇಂದು ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯೋ ಪೇಟೆಯ ಮೂಲಪುರುಷರು ಅಂದ್ರೆ ಈ ನಿರಾಶ್ರಿತ ವ್ಯಾಪಾರಿಗಳು.

ಪೇಟೆಗೆ ನಸೀಬು ಖುಲಾಯಿಸಿದ್ದು ಚಹಾದಿಂದ. 1860ರ ದಶಕದಲ್ಲಿ ಜಾನ್ ಡಾಡ್ ಅನ್ನೋ ಬ್ರಿಟಿಷ್ ವ್ಯಾಪಾರಿ ಇಲ್ಲಿಗೆ ಬಂದ. ಅವನ ಜೊತೆ ನಿಂತವರು ಶಿಯಾಮೆನ್ ಬಂದರಿನ ಲಿ ಚುನ್‌ಶೆಂಗ್. ವಿದೇಶಿ ಕಂಪನಿಗೂ ಸ್ಥಳೀಯ ರೈತರಿಗೂ ನಡುವೆ ನಿಂತು ವ್ಯವಹಾರ ಕುದುರಿಸೋ ದುಬಾಷಿ ಕೆಲಸ ಅವರದು. ಗುಡ್ಡಗಾಡಿನ ರೈತರಿಗೆ ಸಾಲ ಕೊಟ್ಟು ಚಹಾ ಬೆಳೆಸಿದರು. ಅಲ್ಲಿವರೆಗೆ ಒಣಗಿಸಿ ಪದರು ಕಟ್ಟೋ ಕೆಲಸಕ್ಕೆ ಎಲೆ ಸಮುದ್ರ ದಾಟಿ ಚೀನಾಕ್ಕೆ ಹೋಗ್ತಿತ್ತು, ಆ ಕೆಲಸವನ್ನೂ ದಾದಾವ್‌ಚೆಂಗ್‌ಗೇ ತಂದರು. 1869ರಲ್ಲಿ 2,131 ಪಿಕಲ್ ಊಲಾಂಗ್ ಚಹಾ, ಅಂದ್ರೆ ಸುಮಾರು 127 ಟನ್, ಎರಡು ಹಡಗುಗಳಲ್ಲಿ ನೇರವಾಗಿ ನ್ಯೂಯಾರ್ಕಿಗೆ ಹೋಯ್ತು. ಪೆಟ್ಟಿಗೆ ಮೇಲೆ 'ಫಾರ್ಮೋಸಾ ಊಲಾಂಗ್' ಅನ್ನೋ ಹೆಸರು. ಅಲ್ಲಿಂದ ಮುಂದಿನ ಮೂವತ್ತು ವರ್ಷ ತೈವಾನಿನ ಅರ್ಥವ್ಯವಸ್ಥೆ ನಿಂತಿದ್ದು ಚಹಾ, ಸಕ್ಕರೆ, ಕರ್ಪೂರ ಈ ಮೂರರ ಮೇಲೆ. ಅದರಲ್ಲಿ ಚಹಾದ್ದೇ ಮೇಲುಗೈ.

ಇದು ಎಲ್ಲ ಪ್ರವಾಸಿ ಕರಪತ್ರಗಳಲ್ಲೂ ಸಿಗೋ ಕತೆ. ಡಾಡ್ ಮತ್ತು ಲಿ ಹೆಸರು ಮಕ್ಕಳ ಪಠ್ಯದಲ್ಲೂ ಇದೆ. ಕರಪತ್ರದಲ್ಲಿ ಅರ್ಧ ಸಾಲಿಗೆ ಮುಗಿದುಹೋಗೋ ಇನ್ನೊಂದು ಕತೆ ಇದೆ, ಅದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

ಗುಡ್ಡದಿಂದ ಬಂದ ಚಹಾ ಹಾಗೇ ಮಾರೋಕೆ ಆಗಲ್ಲ. ಅದರಲ್ಲಿ ಕಡ್ಡಿ ಇರುತ್ತೆ, ಹಳದಿ ಎಲೆ ಇರುತ್ತೆ, ಕಲ್ಲು ಮಣ್ಣೂ ಇರುತ್ತೆ. ಅದನ್ನ ಬಿದಿರಿನ ಮೊರದಲ್ಲಿ ಹರವಿ, ಒಂದೊಂದೇ ಕಡ್ಡಿ ಹೆಕ್ಕಬೇಕು. ನಮ್ಮ ಅಜ್ಜಿಯಂದಿರು ಜಗಲಿ ಮೇಲೆ ಕೂತು ಅಕ್ಕಿ ಆರಿಸ್ತಿದ್ದರಲ್ಲ, ಹಾಗೆ. ದಾದಾವ್‌ಚೆಂಗ್‌ನಲ್ಲಿ ಈ ಕೆಲಸ ಮಾಡಿದವರು ಹೆಂಗಸರು ಮತ್ತು ಹುಡುಗಿಯರು. ಚಹಾ ಕಾಲದಲ್ಲಿ ಸಾವಿರಾರು ಜನ ಅಂಗಡಿಗಳ ಮುಂದಿನ ಮಾಡಿನ ಕೆಳಗೆ ಸಾಲುಸಾಲಾಗಿ ಕೂತು ಎಲೆ ಆರಿಸ್ತಿದ್ದರು. ಕೂಲಿ ತೂಕದ ಲೆಕ್ಕದಲ್ಲಿ. ಹೆಣ್ಣುಮಕ್ಕಳ ಪಾದ ಬಿಗಿದು ಕಟ್ಟೋ ಪದ್ಧತಿ ಇನ್ನೂ ಜಾರಿಯಲ್ಲಿದ್ದ ಕಾಲ ಅದು. ಹೊಲಗದ್ದೆ ಕೆಲಸಕ್ಕೆ ಹೋಗಲಾಗದ ಹೆಣ್ಣಿಗೂ ಕೂತು ದುಡಿಯೋ ದಾರಿ ಇದೊಂದಿತ್ತು. ಮನೆಯಿಂದ ಹೊರಗೆ ಬಂದು, ಬೀದಿಯಲ್ಲಿ ಕೂತು, ಸ್ವಂತ ಕೂಲಿ ಎಣಿಸಿಕೊಂಡ ಹೆಣ್ಣುಮಕ್ಕಳ ದೊಡ್ಡ ಗುಂಪು ಆ ದ್ವೀಪದಲ್ಲಿ ಮೊದಮೊದಲು ಕಣ್ಣಿಗೆ ಬಿದ್ದಿದ್ದು ಇಲ್ಲೇ. ಬಂದರು, ಬ್ಯಾಂಕು, ವಿದೇಶಿ ಕಂಪನಿಗಳು ಇವೆಲ್ಲದರ ಬುಡದಲ್ಲಿ ಈ ಮೊರಗಳಿದ್ದವು.

ಮಂಗಳೂರಿನ ಗೇರುಬೀಜ ಕಾರ್ಖಾನೆ ನೋಡಿದವರಿಗೆ, ಚಿಕ್ಕಮಗಳೂರು ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸೋ ಹೆಂಗಸರನ್ನ ನೋಡಿದವರಿಗೆ ಈ ಚಿತ್ರ ಹೊಸದೇನಲ್ಲ. ರಫ್ತು ಬೆಳೆ ಎಲ್ಲಿದೆಯೋ ಅಲ್ಲೆಲ್ಲ ಕೊನೇ ಕೈ ಹೆಣ್ಣಿನದು, ಮೊದಲ ಹೆಸರು ಮಾಲೀಕನದು.

ಕಟ್ಟಡದ ಒಳಗೆ ಏನಿತ್ತು

ಸಿನ್ ಹಾಂಗ್ ಚೂನ್ ಕಟ್ಟೋ ಹೊತ್ತಿಗೆ ಕಾಲ ಬದಲಾಗಿತ್ತು. 1895ರಿಂದ ತೈವಾನ್ ಜಪಾನಿನ ವಸಾಹತು. ವಾಂಗ್ ಕುಟುಂಬದ ಮೂಲ ಫೂಜಿಯಾನ್‌ನ ಆನ್‌ಶಿ, ಅದು ಚಹಾಕ್ಕೇ ಹೆಸರಾದ ಸೀಮೆ. ವ್ಯಾಪಾರದ ನಂಟು ಥಾಯ್ಲೆಂಡಿನ ತನಕ. ಲಿಯಾನ್-ಹೆ ತೈಪೆಗೆ ಬಂದದ್ದು 1910ರ ದಶಕದಲ್ಲಿ. ಅವರ ಸರಕು ಪೌಚಾಂಗ್. ಹಗುರವಾಗಿ ಹುದುಗಿಸಿದ, ಹೂವಿನ ಘಮದ ಚಹಾ. 'ಪೊಟ್ಟಣ ಕಟ್ಟಿದ್ದು' ಅಂತಲೇ ಆ ಹೆಸರಿನ ಅರ್ಥ, ಚೌಕಾಕಾರದ ಕಾಗದದಲ್ಲಿ ಸುತ್ತಿ ಮಾರ್ತಿದ್ದರು. ಆಗ್ನೇಯ ಏಷ್ಯಾದಲ್ಲಿ ನೆಲೆಸಿದ್ದ ಚೀನೀ ವಲಸಿಗರಿಗೆ ಇದು ತವರಿನ ರುಚಿ. ಮಲ್ಲಿಗೆಯಂಥ ಹೂವಿನ ಜೊತೆ ಇಟ್ಟು ಪರಿಮಳ ಹಿಡಿಸಿದ ಬಗೆಗೂ ಅಲ್ಲಿ ಗಿರಾಕಿ ಇದ್ದರು.

ಕಟ್ಟಡದಲ್ಲಿ ನನಗೆ ಮುಖ್ಯ ಅನಿಸೋದು ಮುಂಭಾಗದ ಅಲಂಕಾರ ಅಲ್ಲ, ಹಿಂಭಾಗದ ಹುರಿಯೋ ಕೋಣೆ. ನೆಲದಲ್ಲಿ ಸಾಲಾಗಿ ಗುಂಡಿಗಳು. ಗುಂಡಿಯಲ್ಲಿ ಇದ್ದಿಲು ಹೊತ್ತಿಸಿ, ಜ್ವಾಲೆ ಏಳದ ಹಾಗೆ ಬೂದಿ ಮುಚ್ಚಿ, ಮೇಲೆ ಚಹಾ ತುಂಬಿದ ಬಿದಿರಿನ ಬುಟ್ಟಿ ಇಟ್ಟು ಗಂಟೆಗಟ್ಟಲೆ ಕಾಯಿಸೋದು. ನಡುನಡುವೆ ಬುಟ್ಟಿ ಎತ್ತಿ ಎಲೆ ತಿರುವಿ ಮತ್ತೆ ಇಡಬೇಕು. ಒಂದು ಚೂರು ಪುಡಿ ಕೆಂಡಕ್ಕೆ ಬಿದ್ದರೂ ಹೊಗೆ ವಾಸನೆ ಹಿಡಿದು ಇಡೀ ಬುಟ್ಟಿ ಹಾಳು. ತೈಪೆಯ ಬೇಸಿಗೆ ಸೆಕೆ ಹೇಗಿರುತ್ತೆ ಅಂತ ಅಲ್ಲಿ ಇದ್ದು ಬಂದವರನ್ನ ಕೇಳಿ, ಅದರ ಮೇಲೆ ಹತ್ತಾರು ಇದ್ದಿಲ ಗುಂಡಿಗಳ ಕಾವು ಕೂಡಿಸಿ. ಆ ಕೋಣೆಯಲ್ಲಿ ದುಡಿದವರ ಮೈ ಏನಾಗಿರಬಹುದು ಅಂತ ಊಹಿಸೋಕೆ ಇತಿಹಾಸದ ಪದವಿ ಬೇಕಿಲ್ಲ. ತೂರೋ ಯಂತ್ರ, ಆರಿಸೋ ಜಾಗ, ಪೆಟ್ಟಿಗೆ ಕಟ್ಟೋ ಜಾಗ ಕೂಡ ಇದೇ ಕಟ್ಟಡದಲ್ಲಿ. ಜೊತೆಗೆ ಮಾಲೀಕನ ಕುಟುಂಬದ ವಾಸ. ದುಡಿಮೆಯ ಜಾಗ ಒಂದು ಕಡೆ, ಯಜಮಾನನ ಬಂಗಲೆ ಊರಾಚೆ ಅನ್ನೋ ಹಾಗಿರಲಿಲ್ಲ. ಒಂದೇ ಗೋಡೆಯ ಆಚೆ ಈಚೆ.

ದುರಸ್ತಿ ಮಾಡಿದವರು ಈ ಹುರಿಯೋ ಕೋಣೆ ಮುಚ್ಚಿ ಕೆಫೆ ಮಾಡಲಿಲ್ಲ ಅನ್ನೋದಕ್ಕೆ ಅವರಿಗೊಂದು ಶಹಬ್ಬಾಸ್ ಹೇಳಲೇಬೇಕು. ಗುಂಡಿಗಳು ಉಳಿದವು. ಬಹಳ ಕಡೆ ಹೀಗಾಗಲ್ಲ, ಮುಖ ಉಳಿಸಿ ಹೊಟ್ಟೆ ಕಿತ್ತು ಹಾಕ್ತಾರೆ.

ಗಾಳಿ ಮಾರಿ ಗೋಡೆ ಉಳಿಸಿದ್ದು

ಈಗ ದುಡ್ಡಿನ ಪ್ರಶ್ನೆಗೆ ಬರೋಣ. ದಾದಾವ್‌ಚೆಂಗ್‌ನ ನಡುಬೀದಿ ಡಿಹುವಾ. ಒಣಹಣ್ಣು, ಗಿಡಮೂಲಿಕೆ, ಬಟ್ಟೆ ಅಂಗಡಿಗಳ ಸಾಲು. 1977ರ ನಗರ ಯೋಜನೆಯಲ್ಲಿ ಈ ಬೀದಿಯನ್ನ 7.8 ಮೀಟರಿನಿಂದ 20 ಮೀಟರಿಗೆ ಅಗಲ ಮಾಡೋದು ಅಂತ ಬರೆದಿಟ್ಟಿದ್ದರು. ಅಂದ್ರೆ ಎರಡೂ ಬದಿಯ ಹಳೇ ಅಂಗಡಿಮನೆಗಳು ನೆಲಸಮ. 1988ರಲ್ಲಿ ಒಂದು ನಾಗರಿಕ ಪ್ರತಿಷ್ಠಾನ 'ನನಗೆ ಡಿಹುವಾ ಬೀದಿ ಇಷ್ಟ' ಅಂತ ಚಳವಳಿ ಶುರುಮಾಡಿತು. ದೇಶದಲ್ಲಿ 38 ವರ್ಷದ ಮಿಲಿಟರಿ ಕಾನೂನು ತೆಗೆದು ಆಗಿನ್ನೂ ಒಂದೇ ವರ್ಷ. ಬೀದಿಗಿಳಿದು ಸರ್ಕಾರಕ್ಕೆ ಬೇಡ ಅನ್ನೋದು ಹೇಗೆ ಅಂತ ಜನ ಆಗ ತಾನೇ ಕಲಿಯುತ್ತಿದ್ದರು.

ಸ್ವಾರಸ್ಯ ಏನಂದ್ರೆ, ಈ ಚಳವಳಿಗೆ ಮೊದಲ ವಿರೋಧ ಬಂದಿದ್ದು ಸರ್ಕಾರದಿಂದ ಅಷ್ಟೇ ಅಲ್ಲ, ಬೀದಿಯ ಮಾಲೀಕರಿಂದಲೂ. ಅವರ ವಾದ ಸರಳ: ನಿಮಗೆ ನೋಡೋಕೆ ಚೆಂದ, ಕಟ್ಟಡ ನಮ್ಮದು, ನಷ್ಟವೂ ನಮ್ಮದು. ಅಕ್ಕಪಕ್ಕದಲ್ಲಿ ಹತ್ತು ಮಹಡಿ ಏಳುವಾಗ ನಾವು ಮಾತ್ರ ಎರಡು ಮಹಡಿಯ ಹೆಂಚಿನ ಮನೆ ಇಟ್ಟುಕೊಂಡು ಕೂರಬೇಕಾ? ಈ ವಾದವನ್ನ ಪರಂಪರೆ ಪ್ರೇಮಿಗಳು ಬೇಗ ತಳ್ಳಿಹಾಕ್ತಾರೆ. ನಾನು ತಳ್ಳಿಹಾಕಲ್ಲ. ಊರಿನ ನೆನಪು ಕಾಯೋ ಖರ್ಚನ್ನ ನಾಲ್ಕು ಮನೆಯವರ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ತೈಪೆ ಕಂಡುಕೊಂಡ ದಾರಿ ಕಟ್ಟಡ ಹಕ್ಕಿನ ವರ್ಗಾವಣೆ. ಹಳೇ ಮನೆಯ ಸೈಟಿನಲ್ಲಿ ಕಾನೂನು ಪ್ರಕಾರ ಇಷ್ಟು ಚದರಡಿ ಕಟ್ಟಬಹುದು ಅಂತ ಇರುತ್ತಲ್ಲ, ಅದರಲ್ಲಿ ಹಳೇ ಮನೆ ಬಳಸಿದ್ದು ಸ್ವಲ್ಪ. ಉಳಿದದ್ದು ಮೇಲೆ ಖಾಲಿ ಗಾಳಿ. ಆ ಗಾಳಿಯನ್ನ ಕಾಗದದ ಮೇಲೆ ಬರೆದು ಮಾಲೀಕ ಬೇರೆ ಕಡೆ ಕಟ್ಟೋ ಬಿಲ್ಡರಿಗೆ ಮಾರಬಹುದು. ಬಿಲ್ಡರ್ ಆ ಹಕ್ಕು ತಗೊಂಡು ಇನ್ನೊಂದು ಬಡಾವಣೆಯಲ್ಲಿ ನಾಲ್ಕು ಮಹಡಿ ಜಾಸ್ತಿ ಏರಿಸ್ತಾನೆ. ಬದಲಿಗೆ ಹಳೇ ಮನೆ ದುರಸ್ತಿಯಾಗಿ ಉಳಿಯಬೇಕು. 2000ನೇ ಇಸವಿಯಲ್ಲಿ ದಾದಾವ್‌ಚೆಂಗ್ ಐತಿಹಾಸಿಕ ವಿಶೇಷ ವಲಯ ಆಯ್ತು, ರಸ್ತೆ ಅಗಲೀಕರಣ ನಿಂತಿತು, ಮಾಲೀಕರ ವಿರೋಧ ಕರಗಿತು. ಹಲವು ಹಳೇ ಮನೆಗಳು ಇದೇ ಲೆಕ್ಕಾಚಾರದಲ್ಲಿ ನಗರಾಡಳಿತದ ಕೈಗೂ ಬಂದವು. ಸಿನ್ ಹಾಂಗ್ ಚೂನ್ ಕೂಡ ಖಾಸಗಿ ಕಡೆಯಿಂದ ದುರಸ್ತಿಯಾಗಿ ನಗರಾಡಳಿತಕ್ಕೆ ಸೇರಿದ ಕಟ್ಟಡವೇ.

ಈ ಕಾಗದದ ಹೆಸರು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. ಟಿಡಿಆರ್. ನಮ್ಮಲ್ಲಿ ಅದು ಸುದ್ದಿಯಾಗೋದು ಬಹುಪಾಲು ರಸ್ತೆ ಅಗಲೀಕರಣದ ಹೆಸರಲ್ಲಿ. ಬೆಂಗಳೂರು ಅರಮನೆ ಮೈದಾನದ ಸುಮಾರು 15 ಎಕರೆಗೆ ಮೈಸೂರು ರಾಜವಂಶದ ವಾರಸುದಾರರಿಗೆ 3,000 ಕೋಟಿ ರೂಪಾಯಿಗೂ ಹೆಚ್ಚು ಬೆಲೆಯ ಟಿಡಿಆರ್ ಕೊಡಬೇಕು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ರಾಜ್ಯ ಸರ್ಕಾರ ಬೆಚ್ಚಿಬಿದ್ದು ಸುಗ್ರೀವಾಜ್ಞೆ ತಂದಿದ್ದು ನೆನಪಿರಬೇಕು. ಒಂದೇ ಉಪಕರಣ. ಅಲ್ಲಿ ಹಳೇ ಬೀದಿ ಅಗಲವಾಗದ ಹಾಗೆ ತಡೆಯೋಕೆ ಬಳಸಿದರು, ನಮ್ಮಲ್ಲಿ ರಸ್ತೆ ಅಗಲ ಮಾಡೋಕೆ ಬಳಸ್ತೀವಿ.

ಹಾಗಂತ ತೈಪೆಯ ದಾರಿ ಪುಕ್ಕಟೆ ಅಲ್ಲ. ಡಿಹುವಾ ಬೀದಿಯ ಮೇಲಿನ ಗಾಳಿ ಇನ್ನೊಂದು ಬಡಾವಣೆಯಲ್ಲಿ ಕಾಂಕ್ರೀಟ್ ಆಗಿ ಇಳಿಯುತ್ತೆ. ಅಲ್ಲಿನ ಜನರಿಗೆ ನೆರಳು ಜಾಸ್ತಿ, ಟ್ರಾಫಿಕ್ ಜಾಸ್ತಿ, ಚರಂಡಿ ಮಾತ್ರ ಅಷ್ಟೇ. ಅವರನ್ನ ಯಾರೂ ಕೇಳಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹಕ್ಕು ಕೊಂಡು ಹೆಚ್ಚುವರಿ ಮಹಡಿಯನ್ನ ಮಾರುಕಟ್ಟೆ ದರಕ್ಕೆ ಮಾರಿದ ಬಿಲ್ಡರ್ ಲಾಭದಲ್ಲಿ, ಗಾಳಿ ಮಾರಿದ ಮಾಲೀಕ ಲಾಭದಲ್ಲಿ, ಕಟ್ಟಡ ಸಿಕ್ಕ ನಗರಾಡಳಿತ ಲಾಭದಲ್ಲಿ. ಬಾಡಿಗೆದಾರ? ಅವನ ಹೆಸರಲ್ಲಿ ಯಾವ ಗಾಳಿಯೂ ಇರಲಿಲ್ಲ.

ಇದಕ್ಕೆ ಪರ್ಯಾಯ ಏನು ಅಂತ ಕೇಳಿದರೆ, ತೈವಾನಿನಲ್ಲಿ ಅದಕ್ಕೊಂದು ಕಹಿ ಜೋಕೇ ಇದೆ: ಹಳೇ ಕಟ್ಟಡಗಳು 'ತಾವಾಗೇ ಹೊತ್ತಿಕೊಳ್ತವೆ'. ಪಾರಂಪರಿಕ ಪಟ್ಟಿಗೆ ಸೇರಿಸಬೇಕಾ ಬೇಡವಾ ಅನ್ನೋ ಚರ್ಚೆ ಶುರುವಾದ ಕಟ್ಟಡಕ್ಕೆ ರಾತ್ರೋರಾತ್ರಿ ಬೆಂಕಿ ಬಿದ್ದಾಗ ಅಲ್ಲಿನ ಜನ ಹೀಗೆ ಅಣಕಿಸ್ತಾರೆ. 2016ರಲ್ಲಿ ಸಾಂಸ್ಕೃತಿಕ ಪರಂಪರೆ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ದಂಡ ಹೆಚ್ಚಿಸಿದರೂ ಆ ಜೋಕು ಸತ್ತಿಲ್ಲ. ಹಾಗಾಗಿ ಟಿಡಿಆರ್ ದಾರಿಯನ್ನ ನಾನು ಬೇಡ ಅನ್ನಲ್ಲ. ಅದರ ಲೆಕ್ಕಪತ್ರ ಗೋಡೆ ಮೇಲೆ ಹಾಕಿ ಅಂತೀನಿ. ಈ ಕಟ್ಟಡದ ಗಾಳಿ ಯಾವ ಬಡಾವಣೆಯ ಯಾವ ಕಟ್ಟಡದಲ್ಲಿ ಎಷ್ಟು ಮಹಡಿ ಆಯ್ತು ಅನ್ನೋದು ಕೂಡ ಆ ಕಟ್ಟಡದ ಇತಿಹಾಸವೇ ತಾನೇ?

1920ರ ಮೋಹ

ದುಡ್ಡಿನ ಕತೆ ಹೀಗಾದರೆ, ನೆನಪಿನ ಕತೆ ಇನ್ನೂ ಸಿಕ್ಕುಸಿಕ್ಕು.

ತೈವಾನಿನ ಇಂದಿನ ಯುವಜನರಿಗೆ ದಾದಾವ್‌ಚೆಂಗ್ ಮೇಲೆ ಪ್ರೀತಿ ಹುಟ್ಟಿದ್ದು ಬರೀ ಫೋಟೊಗಾಗಿ ಅಲ್ಲ. ಮಿಲಿಟರಿ ಕಾನೂನಿನ ಕಾಲದಲ್ಲಿ ಶಾಲೆಯಲ್ಲಿ ಹೇಳಿಕೊಟ್ಟದ್ದು ಚೀನಾದ ನದಿ, ಚೀನಾದ ರಾಜವಂಶ. ತಮ್ಮ ಊರಿನ ಇತಿಹಾಸ ಪಠ್ಯದಲ್ಲಿ ಇರಲೇ ಇಲ್ಲ ಅನ್ನಬಹುದು. ಪ್ರಜಾಪ್ರಭುತ್ವ ಬಂದ ಮೇಲೆ 'ನಾವು ಯಾರು' ಅಂತ ಹುಡುಕಿ ಹೊರಟವರಿಗೆ ಸಿಕ್ಕಿದ್ದು 1920ರ ದಶಕ, ಮತ್ತು ಆ ದಶಕದ ವಿಳಾಸ ದಾದಾವ್‌ಚೆಂಗ್. ವೈದ್ಯ ಚಿಯಾಂಗ್ ವೈ-ಶುಯಿ ಅವರ ಆಸ್ಪತ್ರೆ ಇದೇ ಪೇಟೆಯಲ್ಲಿತ್ತು. ಅವರು ಮತ್ತು ಸಂಗಾತಿಗಳು 1921ರಲ್ಲಿ ತೈವಾನ್ ಸಾಂಸ್ಕೃತಿಕ ಸಂಘ ಕಟ್ಟಿ, ಊರೂರಿಗೆ ಹೋಗಿ ಭಾಷಣ ಮಾಡಿ, ಪತ್ರಿಕೆ ಹಂಚಿ, ವಸಾಹತು ಸರ್ಕಾರದಿಂದ ಜೈಲು ಕಂಡರು. ಚಿಯಾಂಗ್ 1931ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಚಹಾ ವ್ಯಾಪಾರಿ ಚೆನ್ ಟಿಯಾನ್-ಲೈ 1924ರಲ್ಲಿ ಇದೇ ಪೇಟೆಯಲ್ಲಿ ಯೊಂಗ್‌ಲೆ ರಂಗಮಂದಿರ ತೆರೆದರು. ಚಹಾದ ದುಡ್ಡು ನಾಟಕಕ್ಕೆ, ಸಿನಿಮಾಕ್ಕೆ, ಹೋಟೆಲಿಗೆ ಹರಿಯಿತು. ಆ ಹೋಟೆಲುಗಳಲ್ಲೇ ರಾಜಕೀಯ ಸಭೆಗಳೂ ನಡೆದವು.

2010ರ ಆಸುಪಾಸಿನಲ್ಲಿ ಚೌ ಯಿ-ಚೆಂಗ್ ಅನ್ನೋ ಮಾಜಿ ರಾಜಕಾರಣಿ ಡಿಹುವಾ ಬೀದಿಯ ಹಳೇ ಔಷಧದಂಗಡಿ ಕಟ್ಟಡದಲ್ಲಿ ಪುಸ್ತಕ, ಚಹಾ, ಪಿಂಗಾಣಿ, ನಾಟಕ ಎಲ್ಲ ಸೇರಿಸಿ ಹೊಸ ಬಗೆಯ ಅಂಗಡಿಗಳನ್ನ ಶುರುಮಾಡಿದರು. ಪಕ್ಷ ಕಟ್ಟಿ ಚುನಾವಣೆ ಸೋತ ಮೇಲೆ ಪೇಟೆ ಕಟ್ಟೋಕೆ ಬಂದವರು. 1920ರ ಕನಸನ್ನ ಅಂಗಡಿಯ ಮೂಲಕ ಮತ್ತೆ ಹುಟ್ಟುಹಾಕೋದು ಅವರ ಯೋಜನೆ. ಕೆಲಸ ಮಾಡಿತು. ಯುವಕರು ಬಂದರು, ಹಿಂದೆಯೇ ಇನ್ನಷ್ಟು ಅಂಗಡಿ ಬಂದವು, ಅವುಗಳ ಹಿಂದೆ ಬಾಡಿಗೆಯೂ ಏರಿತು. ಈ ಕೊನೇದು ಯಾವ ಊರಲ್ಲಾದರೂ ಆಗೋದೇ, ಹೆಚ್ಚು ಹೇಳೋದಿಲ್ಲ.

ಆದರೆ ವ್ಯಾಪಾರಿಗಳ ಕಟ್ಟಡಗಳ ಮೂಲಕ ಒಂದು ನಾಡಿನ ಸ್ವಾಭಿಮಾನದ ಕತೆ ಹೇಳೋಕೆ ಹೊರಟಾಗ ಒಂದು ಎಡವಟ್ಟು ಆಗುತ್ತೆ. 1895ರಲ್ಲಿ ಜಪಾನಿ ಸೈನ್ಯ ಬಂದಾಗ ತೈಪೆಯ ದೊಡ್ಡ ವ್ಯಾಪಾರಿಗಳು ಏನು ಮಾಡಿದರು? ಊರು ಲೂಟಿಯಾಗ್ತಿತ್ತು, ಗೋದಾಮು ಉಳಿಸಿಕೊಳ್ಳಬೇಕಿತ್ತು. ಸೈನ್ಯ ಬೇಗ ಬರಲಿ ಅಂದರು. ಬಂದ ಮೇಲೆ ಶಾಂತಿ ಕಾಪಾಡೋಕೆ ಹೊಸ ಆಡಳಿತದ ಜೊತೆ ಕೈಜೋಡಿಸಿದವರಲ್ಲಿ ಚಹಾದ ಲಿ ಚುನ್‌ಶೆಂಗ್ ಕೂಡ ಇದ್ದರು. ಅವರನ್ನ ದ್ರೋಹಿ ಅಂತ ಕರೆಯೋದು ಸುಲಭ, ಆ ಕಾಲದ ಭಯ ಮರೆತು ಮಾತಾಡಿದ ಹಾಗಾಗುತ್ತೆ. ಆದರೆ ಒಬ್ಬನೇ ವ್ಯಾಪಾರಿ ಪೇಟೆ ಬೆಳೆಸಿದ್ದನ್ನ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಸೈನ್ಯಕ್ಕೆ ಬಾಗಿಲು ತೆರೆದದ್ದನ್ನ ಸಣ್ಣಕ್ಷರದಲ್ಲೂ ಬರೆಯದೆ ಇದ್ದರೆ ಅದು ಜಾಹೀರಾತು ಆಗುತ್ತೆ, ಇತಿಹಾಸ ಆಗಲ್ಲ.

ನಡೆದು ಹೋಗುವಷ್ಟು ದೂರ

ಸಿನ್ ಹಾಂಗ್ ಚೂನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ನಾನ್‌ಜಿಂಗ್ ಪಶ್ಚಿಮ ರಸ್ತೆಯಲ್ಲಿ, ಇನ್ನೊಂದು ಚಹಾದ ಜಾಗ ಇತ್ತು. ಟಿಯಾನ್‌ಮಾ ಚಹಾಮಂದಿರ. ಮೂಕಿ ಸಿನಿಮಾಗಳಿಗೆ ತೆರೆ ಪಕ್ಕ ನಿಂತು ಕತೆ ಹೇಳ್ತಿದ್ದ ಕಲಾವಿದರೊಬ್ಬರು ನಡೆಸ್ತಿದ್ದ ಅಡ್ಡಾ, ಬರಹಗಾರರು ನಾಟಕದವರು ಸೇರೋ ಜಾಗ. 1947ರ ಫೆಬ್ರವರಿ 27ರ ಸಂಜೆ ಅದರ ಆಸುಪಾಸಿನಲ್ಲಿ ಲಿನ್ ಜಿಯಾಂಗ್-ಮೈ ಅನ್ನೋ ವಿಧವೆ ಸಿಗರೇಟು ಮಾರ್ತಿದ್ದರು. ಜಪಾನಿಗಳು ಹೋಗಿ ಚೀನಾದ ಕುವೊಮಿಂಟಾಂಗ್ ಆಡಳಿತ ಬಂದು ಒಂದೂವರೆ ವರ್ಷ ಆಗಿತ್ತು, ತಂಬಾಕು ಸರ್ಕಾರದ ಏಕಸ್ವಾಮ್ಯ. ಅಧಿಕಾರಿಗಳು ಅವರ ಸಿಗರೇಟು ದುಡ್ಡು ಕಿತ್ತುಕೊಂಡರು, ಬೇಡಿಕೊಂಡಾಗ ಪಿಸ್ತೂಲಿನಿಂದ ತಲೆಗೆ ಹೊಡೆದರು. ಜನ ಸುತ್ತುವರಿದರು, ಗುಂಡು ಹಾರಿತು, ನೋಡ್ತಾ ನಿಂತಿದ್ದವನೊಬ್ಬ ಸತ್ತ. ಮರುದಿನ ಊರೇ ಎದ್ದಿತು, ಆಮೇಲೆ ಮುಖ್ಯಭೂಮಿಯಿಂದ ಸೈನ್ಯ ಬಂತು. ಫೆಬ್ರವರಿ 28ರ ಹತ್ಯಾಕಾಂಡದಲ್ಲಿ ಸತ್ತವರು 18,000ದಿಂದ 28,000 ಇರಬಹುದು ಅಂತ 1992ರ ಸರ್ಕಾರಿ ವರದಿಯ ಅಂದಾಜು. ಅಲ್ಲಿಯವರೆಗೆ ಆ ದಿನದ ಬಗ್ಗೆ ಗಟ್ಟಿಯಾಗಿ ಮಾತಾಡೋದೇ ಅಪಾಯ ಆಗಿತ್ತು.

ಈಗ ಅಲ್ಲಿ ಏನಿದೆ? ಒಂದು ಸ್ಮಾರಕ ಫಲಕ. ರಸ್ತೆಬದಿಯಲ್ಲಿ, ಸ್ಕೂಟರುಗಳ ನಡುವೆ.

ಹೋಲಿಕೆ ಅನ್ಯಾಯ ಅನ್ನಬಹುದು. 2-28ರ ಹೆಸರಲ್ಲಿ ತೈಪೆಯಲ್ಲಿ ಉದ್ಯಾನ ಇದೆ, ವಸ್ತುಸಂಗ್ರಹಾಲಯ ಇದೆ, ರಜೆ ಇದೆ. ದಾದಾವ್‌ಚೆಂಗ್‌ನಲ್ಲೇ 1933ರ ಜಪಾನಿ ಪೊಲೀಸ್ ಠಾಣೆಯನ್ನ 2018ರಲ್ಲಿ ತೈವಾನ್ ನವಸಂಸ್ಕೃತಿ ಚಳವಳಿಯ ಸಂಗ್ರಹಾಲಯ ಮಾಡಿದ್ದಾರೆ, ಅಲ್ಲಿ ಬಂದಿಗಳನ್ನ ಕೂಡಿ ಹಾಕ್ತಿದ್ದ ಕೋಣೆಗಳನ್ನೂ ಉಳಿಸಿದ್ದಾರೆ. ಪೊಲೀಸ್ ಠಾಣೆಯನ್ನ ಹೋರಾಟದ ಸಂಗ್ರಹಾಲಯ ಮಾಡೋ ಎದೆಗಾರಿಕೆ ನಮ್ಮ ಯಾವ ನಗರಕ್ಕಿದೆ ಹೇಳಿ. ಇದನ್ನೆಲ್ಲ ಒಪ್ಪಿಕೊಂಡೇ ಹೇಳ್ತೀನಿ: ಉಳಿಯೋದು ಇಟ್ಟಿಗೆಯಲ್ಲಿ ಕಟ್ಟಿದ ಬದುಕು. ಬೀದಿ ಬದಿಯಲ್ಲಿ ತಟ್ಟೆ ಇಟ್ಟುಕೊಂಡು ಸಿಗರೇಟು ಮಾರಿದವಳಿಗೆ, ಇನ್ನೊಬ್ಬರ ಅಂಗಡಿಯ ಮಾಡಿನ ಕೆಳಗೆ ಕೂತು ಚಹಾ ಆರಿಸಿದವಳಿಗೆ ದುರಸ್ತಿ ಮಾಡೋಕೆ ಕಟ್ಟಡವೇ ಇಲ್ಲ. ಟಿಡಿಆರ್ ಮಾರೋಕೆ ಗಾಳಿ ಇಲ್ಲ. ಪರಂಪರೆಯ ಕಾನೂನು ಆಸ್ತಿಯನ್ನ ಕಾಯೋಕೆ ಬರೆದ ಕಾನೂನು, ಆಸ್ತಿ ಇಲ್ಲದವರ ನೆನಪಿಗೆ ಅದರಲ್ಲಿ ಕಲಂ ಇಲ್ಲ.

ವ್ಯಾಪಾರಿಯ ಮನೆಯಲ್ಲೂ ಬೇರೆ ಕತೆ ಹೇಳಬಹುದು ಅನ್ನೋದಕ್ಕೆ ತೈಪೆಯಿಂದ ದಕ್ಷಿಣಕ್ಕೆ, ಶಿನ್‌ಜು ಜಿಲ್ಲೆಯ ಬೈಪು ಅನ್ನೋ ಹಕ್ಕಾ ಜನರ ಊರಲ್ಲಿ ಒಂದು ಉದಾಹರಣೆ ಇದೆ. ಚಹಾ ಉದ್ಯಮಿ ಜಿಯಾಂಗ್ ಅ-ಶಿನ್ 1940ರ ದಶಕದ ಕೊನೆಗೆ ಅಲ್ಲೊಂದು ಪಾಶ್ಚಾತ್ಯ ಶೈಲಿಯ ಭವ್ಯ ಮನೆ ಕಟ್ಟಿಸಿದರು. ಅದೇ ಕಾಲಕ್ಕೆ ಹಣದುಬ್ಬರ ಆಕಾಶಕ್ಕೇರಿ, 1949ರ ಜೂನಿನಲ್ಲಿ 40,000 ಹಳೇ ತೈವಾನ್ ಡಾಲರಿಗೆ ಒಂದು ಹೊಸ ಡಾಲರ್ ಅಂತ ಸರ್ಕಾರ ಘೋಷಿಸಿತು. ಮುಂದೆ ಅವರ ಉದ್ಯಮ ದಿವಾಳಿಯಾಗಿ ಮನೆ ಬ್ಯಾಂಕಿನ ಪಾಲಾಯಿತು. 2012ರಲ್ಲಿ ವಂಶಸ್ಥರು ಅದನ್ನ ಮರಳಿ ಕೊಂಡು ದುರಸ್ತಿ ಮಾಡಿ ಜನರಿಗೆ ತೋರಿಸ್ತಿದ್ದಾರೆ. 2021ರಲ್ಲಿ ಅವರ ಬದುಕಿನಿಂದ ಎಳೆ ತಗೊಂಡ 'ಗೋಲ್ಡ್ ಲೀಫ್' ಅನ್ನೋ ಟಿವಿ ಧಾರಾವಾಹಿ, ಹೆಚ್ಚಾಗಿ ಹಕ್ಕಾ ಭಾಷೆಯಲ್ಲೇ, ಪ್ರಸಾರ ಆಯ್ತು. ನೋಟು ರಾತ್ರೋರಾತ್ರಿ ಕಾಗದ ಆಗೋದು ಅಂದ್ರೇನು ಅಂತ ಒಂದು ಹೊಸ ಪೀಳಿಗೆಗೆ ಗೊತ್ತಾಗಿದ್ದು ಹೀಗೆ. ಅಲ್ಲಿ ಮನೆ ಬರೀ ಸಿರಿವಂತಿಕೆ ಹೇಳ್ತಿಲ್ಲ, ಸೋಲನ್ನೂ ಹೇಳ್ತಿದೆ. ಕೂಲಿಯವರ ಕತೆ ಅದರಲ್ಲೂ ಹಿನ್ನೆಲೆಯಲ್ಲೇ ಇದೆ, ನಿಜ. ಆದರೂ ಪಾಲಿಶ್ ಮಾಡಿದ ಮೆಟ್ಟಿಲಿಗಿಂತ ಒಂದು ಹೆಜ್ಜೆ ಮುಂದೆ.

ಹಾಗಾದರೆ ಸಿನ್ ಹಾಂಗ್ ಚೂನ್‌ನಂಥ ಜಾಗ ಏನು ಮಾಡಬಹುದು? ಅಸಾಧ್ಯವಾದದ್ದೇನೂ ಕೇಳ್ತಿಲ್ಲ. ಹುರಿಯೋ ಗುಂಡಿಗಳು ಅಲ್ಲೇ ಇವೆ, ವರ್ಷಕ್ಕೆ ಒಂದು ದಿನ ನಿಜವಾಗಿ ಹೊತ್ತಿಸಲಿ, ಆ ಕಾವಿನಲ್ಲಿ ಹತ್ತು ನಿಮಿಷ ನಿಲ್ಲೋಕೆ ಬಂದವರಿಗೆ ಹೇಳಲಿ. ವ್ಯಾಪಾರಿ ಮನೆಗಳ ಹಳೇ ಲೆಕ್ಕದ ಪುಸ್ತಕಗಳಲ್ಲಿ ಕೂಲಿ ಬಟವಾಡೆಯ ಪುಟ ಇರುತ್ತೆ. ಮುಚ್ಚಳ ತೆಗೆದು ಅದನ್ನ ತೋರಿಸಲಿ: ಎಷ್ಟು ತೂಕಕ್ಕೆ ಎಷ್ಟು ಕೂಲಿ, ಅದೇ ತೂಕ ಬ್ಯಾಂಕಾಕಿನಲ್ಲಿ ಎಷ್ಟಕ್ಕೆ ಮಾರಾಟ. ಕಟ್ಟಡ 2004ರವರೆಗೆ ನಡೆದದ್ದು, ಹಾಗಾಗಿ ಅಲ್ಲಿನ ಕೊನೇ ಕಾಲದ ಕೆಲಸ ಕಂಡವರು ಆ ಪೇಟೆಯಲ್ಲಿ ಇನ್ನೂ ಇರಲೇಬೇಕು, ಅವರ ಮಕ್ಕಳಂತೂ ಇದ್ದಾರೆ. ಕುರ್ಚಿ ಹಾಕಿ ಕೂರಿಸಿ, ಅವರದೇ ತೈವಾನೀಸ್ ಮಾತಿನಲ್ಲಿ ರೆಕಾರ್ಡ್ ಮಾಡಲಿ. ವಾಸ್ತುಶಿಲ್ಪಿಗೆ ಕೊಡೋ ಸಂಭಾವನೆಯ ಒಂದಂಶ ಇದಕ್ಕೆ ಸಾಕು. ಹತ್ತು ವರ್ಷ ತಡ ಮಾಡಿದರೆ ಬರೀ ಮೊರಗಳು ಸಿಗ್ತವೆ.

ಮತ್ತೆ ಬಾಗಿಲಲ್ಲಿ ಆ ಕಟ್ಟಡದ ಗಾಳಿ ಎಲ್ಲಿ ಹೋಯ್ತು ಅನ್ನೋ ಒಂದು ನಕ್ಷೆ. ಅದರ ಪಕ್ಕದಲ್ಲೇ ಟಿಯಾನ್‌ಮಾ ಫಲಕಕ್ಕೆ ಹೋಗೋ ದಾರಿಯ ಬಾಣದ ಗುರುತೊಂದನ್ನೂ ಹಾಕಬಹುದು. ಕಾಲುಗಂಟೆಯ ನಡಿಗೆ ಅಷ್ಟೇ.